ತಡವಾಗಿ ಹೊರಟ ಪ್ರವಾಸ

ನಿಮ್ಮ ಮದುವೆಯಾಗಿ ಎಷ್ಟು ವರ್ಷಗಳಾದವು? ಅಷ್ಟು ವರ್ಷಗಳಲ್ಲಿ ಆಸ್ಪತ್ರೆಗೆ, ಮದುವೆಮನೆಗೆ, ಮರಣದ ಮನೆಗೆ ಹೋದದ್ದನ್ನು ಬಿಟ್ಟು, ಸುಮ್ಮನೆ ನಾಲ್ಕು ಊರು ನೋಡಿ ಬರೋಣ ಎಂದು ನೀವಿಬ್ಬರೂ ಎಷ್ಟು ಸಲ ಹೊರಟಿದ್ದೀರಿ? ಒಂದು ನಿಮಿಷ ಲೆಕ್ಕ ಹಾಕಿ ನೋಡಿ. ಕಳೆದ ಡಿಸೆಂಬರ್‌ವರೆಗೆ ನನ್ನ ಲೆಕ್ಕ ಸೊನ್ನೆಯಾಗಿತ್ತು.

ನನ್ನ ಪತಿ ಮದುವೆಯಾದ ಎರಡನೇ ತಿಂಗಳಿಗೆ ಒಮಾನ್ ದೇಶದ ಸಲಾಲಕ್ಕೆ ಹೋದವರು. 22 ವರ್ಷ ಅಲ್ಲಿಯೇ ಒಂದು ದಿನಸಿ ಅಂಗಡಿಯಲ್ಲಿ ದುಡಿದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಅಂತಹ ಹತ್ತು ರಜೆಗಳು, ಅಂದರೆ 20 ತಿಂಗಳು. ಆ 20 ತಿಂಗಳಲ್ಲಿಯೂ ಮನೆ ಕಟ್ಟಿಸುವುದು, ತಂಗಿಯಂದಿರ ಮದುವೆ, ನೆಂಟರ ಮನೆ ಎಂದು ಓಡಾಟವೇ ಹೆಚ್ಚು. ಮೊದಲ ವರ್ಷಗಳಲ್ಲಿ ಪತ್ರಗಳು ಬರುತ್ತಿದ್ದವು. ನಾನು ಸೌಖ್ಯ, ನಿಮ್ಮ ಸೌಖ್ಯಕ್ಕೆ ಬರೆಯಿರಿ, ಉಮ್ಮನ ಔಷಧಿ ತಪ್ಪಿಸಬೇಡ, ಇಷ್ಟೇ. ಮತ್ತೆ ಫೋನ್ ಬಂತು. ಫೋನಿನಲ್ಲಿ ಕೂಡಾ ಅದೇ ಮಾತುಗಳು.

ಎರಡು ವರ್ಷಗಳ ಹಿಂದೆ ಅವರು ಶಾಶ್ವತವಾಗಿ ಊರಿಗೆ ಬಂದರು. ಎಲ್ಲರೂ ನನ್ನನ್ನು ಭಾಗ್ಯವಂತೆ ಎಂದರು. ನಾನು ಸಹ ಅಲ್ಲಾಹನನ್ನು ಸ್ತುತಿಸಿದೆ. ಆದರೆ ಸತ್ಯ ಹೇಳಬೇಕೆಂದರೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಮನೆಯೊಳಗೆ ಕಿರಿಕಿರಿ ಶುರುವಾಯಿತು. ಅಕ್ಕಿ ಎಷ್ಟು ಬೇಕು, ಮೀನು ಯಾವುದು ತರಬೇಕು, ಮಗನಿಗೆ ಎಷ್ಟು ಹಣ ಕೊಡಬೇಕು ಎಂದು 22 ವರ್ಷ ನಾನೊಬ್ಬಳೇ ತೀರ್ಮಾನಿಸಿದ್ದೆ. ಈಗ ಅವರು ಪ್ರತಿಯೊಂದಕ್ಕೂ ಲೆಕ್ಕ ಕೇಳುತ್ತಿದ್ದರು. ಅಂಗಡಿಯಲ್ಲಿ ಡಬ್ಬಿಗಳನ್ನು ಜೋಡಿಸಿದಂತೆ ನನ್ನ ಅಡುಗೆಮನೆಯ ಡಬ್ಬಿಗಳನ್ನು ಬೇರೆ ರೀತಿಯಲ್ಲಿ ಜೋಡಿಸಿಟ್ಟರು. ನಾನು ಸಿಟ್ಟಿನಿಂದ ಎಲ್ಲವನ್ನೂ ಮೊದಲಿನಂತೆಯೇ ಇಟ್ಟೆ. ಅವರು ಜಗಲಿಯಲ್ಲಿ ಕುಳಿತು ಗಂಟೆಗಟ್ಟಲೆ ಮೌನವಾಗಿರುತ್ತಿದ್ದರು. ಒಂದೇ ಮನೆಯಲ್ಲಿ ನಾವಿಬ್ಬರೂ ಪರಸ್ಪರ ಅತಿಥಿಗಳಂತಾಗಿದ್ದೆವು.

ಇದನ್ನು ಗಮನಿಸಿದವಳು ಮಗಳು. ಅವಳು ಶಾಲೆಯಲ್ಲಿ ಇತಿಹಾಸ ಕಲಿಸುವ ಟೀಚರ್. "ಉಮ್ಮಾ, ನೀವಿಬ್ಬರೂ ಎಲ್ಲಿಗಾದರೂ ಹೋಗಿ ಬನ್ನಿ. ನಮ್ಮ ರಾಜ್ಯದಲ್ಲಿಯೇ ನೋಡುವುದಕ್ಕೆ ಎಷ್ಟೊಂದಿದೆ" ಎಂದಳು. ಮೊದಲು ನನಗೆ ನಾಚಿಕೆಯಾಯಿತು. ನೆರೆಮನೆಯವರು "ಈ ಪ್ರಾಯದಲ್ಲಿ ಟೂರಾ?" ಎಂದು ಕೇಳಿಯೂ ಬಿಟ್ಟರು. ಆದರೆ ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಗತಿ ಏನಾಯಿತೆಂದು ನೋಡಿ ಪಾಠ ಕಲಿಯಬೇಕೆಂದು ಪವಿತ್ರ ಕುರ್‌ಆನ್ ಹಲವು ಕಡೆ ಹೇಳುತ್ತದೆ. ಪ್ರಯಾಣವೊಂದರ ನಡುವೆ ಪ್ರವಾದಿವರ್ಯರು(ಸ) ಪತ್ನಿ ಹ. ಆಯಿಶಾರೊಂದಿಗೆ(ರ) ಓಟದ ಸ್ಪರ್ಧೆ ಮಾಡಿದ ಘಟನೆ ಹದೀಸ್‌ನಲ್ಲಿದೆ. ಮೊದಲ ಸಲ ಗೆದ್ದವರು ಆಯಿಶಾ(ರ). ವರ್ಷಗಳ ನಂತರ ಮತ್ತೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದರು, ಆ ಸೋಲಿಗೆ ಇದು ಸಮ ಎಂದು ತಮಾಷೆ ಮಾಡಿದರು. ಅಷ್ಟು ದೊಡ್ಡ ಹೊಣೆ ಹೊತ್ತವರಿಗೇ ಪತ್ನಿಯೊಂದಿಗೆ ಓಡಲು ಸಮಯವಿತ್ತು. ನಮಗೇಕೆ ಇಲ್ಲ?

ಹೀಗೆ ಮಂಗಳೂರಿನಿಂದ ಬಿಜಾಪುರದ ರೈಲು ಹತ್ತಿದೆವು. 2014ರ ನಂತರ ಆ ಊರಿನ ಹೆಸರು ವಿಜಯಪುರ, ಗುಲ್ಬರ್ಗದ ಹೆಸರು ಕಲಬುರಗಿ. ಆದರೆ ನಮ್ಮ ಬಾಯಲ್ಲಿ ಇನ್ನೂ ಹಳೆಯ ಹೆಸರುಗಳೇ ಉಳಿದಿವೆ. ಕಡಲು, ತೋಟ, ಗುಡ್ಡ ನೋಡಿ ಬೆಳೆದ ನನಗೆ ಜೋಳದ ಹೊಲಗಳ ಬಯಲನ್ನು ಕಂಡು ಆಶ್ಚರ್ಯವಾಯಿತು. ರೈಲಿನ ಕಿಟಕಿಯಿಂದಲೇ ದೂರದಲ್ಲಿ ಗೋಳಗುಮ್ಮಟ ಕಾಣಿಸಿತು. ಮೊದಲು ಅದನ್ನು ನಾನು ಗುಡ್ಡವೆಂದೇ ತಿಳಿದೆ.

ಗೋಳಗುಮ್ಮಟ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು ಆಳಿದ್ದು 1627ರಿಂದ 1656ರವರೆಗೆ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಒಳಗೆ ಹೋಗಿ ನಿಂತರೆ ಅಷ್ಟು ದೊಡ್ಡ ಗುಮ್ಮಟದ ಕೆಳಗೆ ಒಂದೇ ಒಂದು ಕಂಬವಿಲ್ಲ! ಗೋಡೆಗಳಿಂದ ಎದ್ದ ಕಮಾನುಗಳು ಒಂದನ್ನೊಂದು ಹಾದು ಮೇಲಿನ ಭಾರವನ್ನು ಹೊತ್ತಿವೆ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಗೋಪುರಗಳಿದ್ದು, ಅವುಗಳೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳಿಂದ ಪಿಸುಗುಟ್ಟುವ ಗ್ಯಾಲರಿಗೆ ಹತ್ತಬೇಕು.

ನನ್ನ ಬಲಗಾಲಿನ ಗಂಟು ನೋವು ಐದು ವರ್ಷಗಳದ್ದು. ಪ್ರತಿ ಅಂತಸ್ತಿನಲ್ಲಿಯೂ "ಕಿಟಕಿಯಿಂದ ಗಾಳಿ ಚೆನ್ನಾಗಿದೆ" ಎಂದು ಹೇಳಿ ನಿಲ್ಲುತ್ತಿದ್ದೆ. ಅವರೂ ಸುಮ್ಮನೆ ನಿಲ್ಲುತ್ತಿದ್ದರು. ಮೇಲೆ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳ ದೊಡ್ಡ ಗುಂಪೇ ಇತ್ತು. ಒಬ್ಬ ಕೂಗಿದರೆ ಏಳೆಂಟು ಸಲ ಮಾರ್ದನಿಸುತ್ತದೆ, ಅಂಥದರಲ್ಲಿ ನೂರು ಮಕ್ಕಳು ಕೂಗಿದರೆ ಹೇಗಿರಬೇಕು ಊಹಿಸಿ! ಕೊನೆಗೂ ಮಾಸ್ತರರು ಅವರನ್ನು ಇಳಿಸಿಕೊಂಡು ಹೋದರು. ಇಡೀ ಗುಮ್ಮಟ ಸ್ತಬ್ಧವಾಯಿತು. ನನ್ನನ್ನು ಅಲ್ಲಿಯೇ ಕುಳ್ಳಿರಿಸಿ ಅವರು ಗ್ಯಾಲರಿಯ ಸುತ್ತ ನಡೆದು ಎದುರು ಬದಿಗೆ ಹೋದರು. ಅಲ್ಲಿಂದ ಅವರು ಒಂದು ಬಿಳಿ ಅಂಗಿಯಷ್ಟೇ ಕಾಣುತ್ತಿದ್ದರು. ಗೋಡೆಗೆ ಕಿವಿಯಿಡು ಎಂದು ಕೈಸನ್ನೆ ಮಾಡಿದರು. ಕಿವಿಯಿಟ್ಟೆ.

"ಗಂಟು ನೋವುಂಟಾ?"

ಪಕ್ಕದಲ್ಲಿಯೇ ಕುಳಿತು ಕೇಳಿದಷ್ಟು ಸ್ಪಷ್ಟವಾಗಿತ್ತು. ನಾನು ಅವರಿಗೆ ಈ ನೋವಿನ ಬಗ್ಗೆ ಹೇಳಿಯೇ ಇರಲಿಲ್ಲ.

"ಸ್ವಲ್ಪ ಉಂಟು" ಎಂದೆ.

"ಮೊದಲೇ ಹೇಳಬಾರದಿತ್ತಾ?"

ಎದುರೆದುರು ಕುಳಿತಿದ್ದರೆ ನಾನು ಆ ಮಾತು ಹೇಳುತ್ತಿರಲಿಲ್ಲ. ಆದರೆ ಗೋಡೆಯೊಂದಿಗೆ ಮಾತನಾಡುವುದು ಸುಲಭ. "ಯಾರಲ್ಲಿ ಹೇಳಲಿ?" ಎಂದುಬಿಟ್ಟೆ.

ಎದುರು ಬದಿಯಿಂದ ಮತ್ತೆ ಯಾವ ಮಾತೂ ಬರಲಿಲ್ಲ. ಅವರು ತುಂಬಾ ಹೊತ್ತು ಅಲ್ಲಿಯೇ ನಿಂತಿದ್ದರು. ನಂತರ ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಇಳಿಯುವಾಗ ನನಗಿಂತ ಒಂದು ಮೆಟ್ಟಿಲು ಕೆಳಗೆ, ನನಗೆ ಹೆಗಲು ಸಿಗುವಂತೆ ನಡೆದರು.

ಮಧ್ಯಾಹ್ನ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡೆವು. ಅನ್ನವಿಲ್ಲದೆ ಊಟ ಮುಗಿಯದ ನನ್ನ ಪತಿ ಮೂರು ರೊಟ್ಟಿ ತಿಂದರು. ನಂತರ ಟಾಂಗಾದಲ್ಲಿ ಇಬ್ರಾಹೀಮ್ ರೋಜಾಕ್ಕೆ ಹೋದೆವು. ಎರಡನೇ ಇಬ್ರಾಹೀಮ್ ಆದಿಲ್ ಶಾಹ ಮತ್ತು ರಾಣಿ ತಾಜ್ ಸುಲ್ತಾನಾರ ಸಮಾಧಿ ಇರುವುದು ಅಲ್ಲಿ. ರಾಣಿಗಾಗಿಯೇ ಅದನ್ನು ಕಟ್ಟಿಸಲು ತೊಡಗಿದ್ದೆಂದು ಹೇಳುತ್ತಾರೆ. ಒಂದೇ ಜಗಲಿಯ ಮೇಲೆ ಒಂದು ಕಡೆ ಸಮಾಧಿ, ಎದುರಿಗೆ ಮಸೀದಿ, ನಡುವೆ ಕೊಳ. ಗೋಡೆಯ ಕಲ್ಲುಗಳಲ್ಲಿ ಅರಬಿ ಬರಹದ ಕೆತ್ತನೆ. ಕಿಟಕಿಗಳಲ್ಲಿ ಅಕ್ಷರಗಳೇ ಜಾಲರಿಯಾಗಿವೆ. ಅಕ್ಷರಗಳ ಸಂದಿಯಿಂದ ಬೆಳಕು ಒಳಗೆ ಬರುತ್ತದೆ. ನಮ್ಮ ಕರಾವಳಿಯಲ್ಲಾದರೆ ಅಷ್ಟು ಹೊತ್ತಿಗೆ ಅಸರ್ ಬಾಂಗ್ ಆಗಿರುತ್ತಿತ್ತು. ನಾವು ಶಾಫಿ ಮಝ್‌ಹಬ್‌ನವರು, ಅಲ್ಲಿಯವರು ಹನಫಿಗಳು. ಅವರ ಅಸರ್ ಸಮಯ ತಡವಾಗಿ ಆರಂಭವಾಗುತ್ತದೆ. ಒಂದೇ ರಾಜ್ಯದೊಳಗೆ ಇಂತಹ ವ್ಯತ್ಯಾಸವಿದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಕಿವಿಯಾರೆ ಕೇಳಿದ್ದು ಅಂದೇ.

ಸಂಜೆ ಬಾರಾ ಕಮಾನ್ ನೋಡಿದೆವು. ಎರಡನೇ ಅಲಿ ಆದಿಲ್ ಶಾಹ ತನ್ನ ಸಮಾಧಿಗೆಂದು ಕಟ್ಟಿಸತೊಡಗಿದ್ದು. ಅದು ಪೂರ್ತಿಯಾಗಲೇ ಇಲ್ಲ. ಕಪ್ಪು ಕಲ್ಲಿನ ಕಮಾನುಗಳು ಆಕಾಶಕ್ಕೆ ಬಾಯಿ ತೆರೆದು ನಿಂತಿವೆ. ಅವನು ತೀರಿಹೋದದ್ದು 1672ರಲ್ಲಿ. 1686ರಲ್ಲಿ ಔರಂಗಝೇಬನು ಬಿಜಾಪುರವನ್ನು ವಶಪಡಿಸಿಕೊಂಡನು, ಆದಿಲ್ ಶಾಹಿಯೇ ಮುಗಿಯಿತು. ಸಮಾಧಿಗಳ ಮೇಲೆ ಕಟ್ಟಡ ಕಟ್ಟುವುದನ್ನು ನಮ್ಮ ಪ್ರವಾದಿ(ಸ) ತಡೆದಿದ್ದರು. ಆ ಕೈಕೆಲಸಕ್ಕೆ ಬೆರಗಾಗುತ್ತಲೇ ನನಗೆ ಈ ಮಾತು ನೆನಪಾಗುತ್ತಿತ್ತು.

ನನ್ನ ಪತಿಗೆ ಹೆಚ್ಚು ಇಷ್ಟವಾದದ್ದು ತಾಜ್ ಬಾವಡಿ. ತಾಜ್ ಸುಲ್ತಾನಾರ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ದೊಡ್ಡ ಬಾವಿ ಅದು. "ಸಮಾಧಿಗಿಂತ ಇದು ಒಳ್ಳೆಯದು, ಜನರು ನೀರಾದರೂ ಕುಡಿದಿರಬಹುದು" ಎಂದರು. ನಾನು ನಕ್ಕು, "ನಾವೂ ಒಂದು ಗೋಳಗುಮ್ಮಟ ಕಟ್ಟಿದ್ದೇವಲ್ಲ" ಎಂದೆ. ಮೂರು ರಜೆಗಳನ್ನು ನುಂಗಿದ ನಮ್ಮ ಮನೆಯ ಬಗ್ಗೆ ಹೇಳಿದ್ದು ಅವರಿಗೆ ಅರ್ಥವಾಯಿತು. ನಾಲ್ಕು ಕೋಣೆಗಳ ಆ ಮನೆಯಲ್ಲಿ ಮೇಲಿನ ಎರಡು ಕೋಣೆಗಳಿಗೆ ಇಂದಿಗೂ ಬೀಗ ಹಾಕಿಯೇ ಇದೆ.

ಗುಲ್ಬರ್ಗದಲ್ಲಿ ಅರ್ಧ ದಿನ ಮಾತ್ರ ಇದ್ದೆವು. ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು, ಬಹಮನಿ ಅರಸರ ಕಾಲದ್ದು. ಸಾಮಾನ್ಯವಾಗಿ ದೊಡ್ಡ ಮಸೀದಿಗಳ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಮಾಡಿನ ಕೆಳಗಿದೆ. ಎಲ್ಲಿ ನಿಂತರೂ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು ಕಮಾನು.

ಓದುಗರೇ, ಇಲ್ಲಿ ಒಂದು ವಿಷಯ ಹೇಳಲೇಬೇಕು. ಪ್ರಯಾಣಿಕರಿಗೆ ಅಲ್ಲಾಹನು ನಮಾಝ್‌ನಲ್ಲಿ ರಿಯಾಯಿತಿ ಕೊಟ್ಟಿದ್ದಾನೆ. ನಾಲ್ಕು ರಕಅತ್‌ಗಳನ್ನು ಎರಡಾಗಿ ನಿರ್ವಹಿಸಬಹುದು. ಆದರೆ ಆ ಎರಡು ರಕಅತ್‌ಗಳಿಗೆ ಹೆಣ್ಣಿಗೆ ಜಾಗ ಎಲ್ಲಿದೆ? ದಾರಿಯ ಒಂದು ಪೇಟೆಯಲ್ಲಿ ನನ್ನ ಪತಿ ಆರಾಮವಾಗಿ ಮಸೀದಿಯೊಳಗೆ ಹೋದರು. ನಾನು ಹೊರಗೆ ಚಪ್ಪಲಿಗಳ ಬಳಿ ಚೀಲ ಕಾಯುತ್ತಾ ನಿಂತೆ. ವುಝೂಗೂ ನೀರು ಸಿಗಲಿಲ್ಲ. ಎದುರಿನ ಬಳೆ ಅಂಗಡಿಯ ಹೆಂಗಸು ನೋಡಿ, "ಬರ್ರೀ ಅಕ್ಕಾರ, ಒಳಗ ಬರ್ರಿ" ಎಂದು ಕರೆದು, ಹಿಂದಿನ ಕೋಣೆಯಲ್ಲಿ ನೀರು ಕೊಟ್ಟು, ನೆಲ ಒರೆಸಿಕೊಟ್ಟಳು. ಅವಳ ಹಣೆಯಲ್ಲಿ ಕುಂಕುಮವಿತ್ತು. ಆ ಎರಡು ರಕಅತ್‌ಗಳಲ್ಲಿ ನಾನು ಅವಳಿಗಾಗಿಯೂ ದುಆ ಮಾಡಿದೆ. ಮಸೀದಿ ಕಟ್ಟುವವರು ಮತ್ತು ನಡೆಸುವವರು ದಾರಿಹೋಕ ಹೆಣ್ಣುಮಕ್ಕಳಿಗೆ ಒಂದು ಪರದೆ, ಒಂದು ನಳ್ಳಿಯಷ್ಟು ಯೋಚಿಸಿದರೆ ಸಾಕು.

ಬೀದರ್ ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದ ಊರು. ಅದಕ್ಕೆ ಕಾರಣ ಮಹಮೂದ್ ಗವಾನ್. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದವರು. 1472ರಲ್ಲಿ ಅವರು ಕಟ್ಟಿಸಿದ ಮದ್ರಸಾ ಮೂರು ಅಂತಸ್ತಿನದು. ತರಗತಿಗಳು, ಗ್ರಂಥಾಲಯ, ಮಸೀದಿ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಳಿಯಲು ಕೋಣೆಗಳು, ಎಲ್ಲವೂ ಅಲ್ಲಿದ್ದವು. ಮುಂದೆ ಸಿಡಿಮದ್ದಿನ ಸ್ಫೋಟದಲ್ಲಿ ಒಂದು ಭಾಗ ನಾಶವಾಯಿತು. ಎರಡು ಮಿನಾರ್‌ಗಳಲ್ಲಿ ಒಂದು ಉಳಿದಿದೆ. ಅದರ ಮೇಲೆ ನೀಲಿ ಹೆಂಚಿನ ಬಿಲ್ಲೆಗಳು ಅಲ್ಲಲ್ಲಿ ಈಗಲೂ ಅಂಟಿಕೊಂಡಿವೆ.

ಗವಾನರ ಕೊನೆ ಮಾತ್ರ ದುಃಖಕರ. ವಿರೋಧಿಗಳು ಅವರ ಮೊಹರು ಬಳಸಿ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನನು ವಿಚಾರಿಸದೆ 1481ರಲ್ಲಿ ಆ ವೃದ್ಧರನ್ನು ಕೊಲ್ಲಿಸಿದನು. ನಂತರ ಅವರ ಖಜಾನೆ ತೆರೆದು ನೋಡಿದರೆ ಹೇಳಿಕೊಳ್ಳುವಂತಹ ಸಂಪತ್ತೇ ಇರಲಿಲ್ಲವಂತೆ. ದುಡಿದದ್ದನ್ನೆಲ್ಲ ಬಡವರಿಗೆ ಮತ್ತು ವಿದ್ಯೆಗೆ ಕೊಟ್ಟಿದ್ದರು. ದೊರೆಗಳಿಗೆ, ವಿದ್ವಾಂಸರಿಗೆ, ಬಂಧುಗಳಿಗೆ ಅವರು ಬರೆದ ಪತ್ರಗಳು 'ರಿಯಾಝುಲ್ ಇನ್ಶಾ' ಎಂಬ ಸಂಗ್ರಹದಲ್ಲಿ ಉಳಿದಿವೆ. ಮಗಳಿಂದ ಕೇಳಿದ್ದ ಈ ವಿಷಯವನ್ನು ಹೇಳಿದಾಗ ಅವರು ಮೆಲ್ಲಗೆ, "ನನ್ನ ಪತ್ರಗಳನ್ನು ಏನು ಮಾಡಿದೆ?" ಎಂದು ಕೇಳಿದರು. ಎಲ್ಲವೂ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ನನ್ನ ಮದುವೆ ಸೀರೆಯ ಕೆಳಗೆ ಇವೆ ಎಂದೆ. ಅವರಿಗೆ ಅದು ಹೊಸ ಸುದ್ದಿ. "ಅದರಲ್ಲಿ ಏನಿದೆ, ಸೌಖ್ಯ ಎನ್ನುವುದು ಬಿಟ್ಟರೆ" ಎಂದರು. "ಬರೆಯಲು ಕುಳಿತರೆ ಅಳು ಬರುತ್ತಿತ್ತು. ಕೋಣೆಯಲ್ಲಿ ಎಂಟು ಮಂದಿ ಇದ್ದೆವು, ಅಳುವುದಕ್ಕೂ ಜಾಗವಿರಲಿಲ್ಲ. ಅದಕ್ಕೇ ಬೇಗ ಮುಗಿಸುತ್ತಿದ್ದೆ." ಇಷ್ಟು ವರ್ಷ ಆ ಚಿಕ್ಕ ಪತ್ರಗಳನ್ನು ನಾನು ತಾತ್ಸಾರವೆಂದೇ ಭಾವಿಸಿದ್ದೆ.

ಬೀದರ್‌ನಲ್ಲಿ ಬಿದ್ರಿ ಕೆಲಸ ಮಾಡುವಲ್ಲಿಗೂ ಹೋದೆವು. ಸತು ಮತ್ತು ತಾಮ್ರ ಬೆರೆಸಿದ ಪಾತ್ರೆಯ ಮೇಲೆ ಗೆರೆ ಕೊರೆದು, ಅದರಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಹಚ್ಚಿದರೆ ಪಾತ್ರೆ ಕಡುಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬಣ್ಣ ಬದಲಿಸದೆ ಹೊಳೆಯುತ್ತದೆ. ಒಂದು ಪುಟ್ಟ ಡಬ್ಬಿ ಕೊಂಡೆವು. ಅದನ್ನು ಆರಿಸಿದವರು ಅವರು, ಚೌಕಾಶಿ ಮಾಡಿದವಳು ನಾನು.

ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು, ಯಲ್ಲಾಪುರದ ಕಾಡು ದಾಟಿ ಅರಬೈಲು ಘಾಟಿ ಇಳಿದೆವು. ಅಂಕೋಲಾ ಹತ್ತಿರವಾಗುತ್ತಿದ್ದಂತೆ ಕಿಟಕಿಯಿಂದ ಉಪ್ಪು ಗಾಳಿ ಬಂತು. ಹಳೆಯ ನಗರಗಳನ್ನು ನೋಡಿ ನೇರ ಮನೆ ಸೇರುವ ಬದಲು ಕಡಲ ದಾರಿಯಲ್ಲಿ ನಿಧಾನವಾಗಿ ಬರೋಣವೆಂದು ಅವರೇ ಹೇಳಿದ್ದರು. ಕುಮಟಾದ ಬಳಿ ಅಘನಾಶಿನಿ ನದಿಯ ದಂಡೆಯಲ್ಲಿ ಮಿರ್ಜಾನ್ ಕೋಟೆ ನೋಡಿದೆವು. ಕೆಂಪುಕಲ್ಲಿನ ಗೋಡೆಗಳ ಮೇಲೆ ಪಾಚಿ, ಹುಲ್ಲು, ಒಳಗೆ ಬಾವಿಗಳು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಆಳಿದ ಸೀಮೆಯಿದು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದರು.

ಮುಂದಿನ ಊರು ಹೊನ್ನಾವರ. ಅಲ್ಲಿ ಶರಾವತಿ ನದಿ ಕಡಲು ಸೇರುತ್ತದೆ. 1340ರ ದಶಕದಲ್ಲಿ ಪ್ರವಾಸಿ ಇಬ್ನ್ ಬತೂತಾ ಈ ಊರಿಗೆ ಬಂದಿದ್ದರು. ಇಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿತ್ತು, ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇದ್ದವು, ಇಂತಹದನ್ನು ಬೇರೆಲ್ಲಿಯೂ ನೋಡಿಲ್ಲ ಎಂದು ಅವರು ದಾಖಲಿಸಿದ್ದಾರೆ. ಓದುಗರೇ, 680 ವರ್ಷಗಳ ಹಿಂದೆ ನಮ್ಮದೇ ಕರಾವಳಿಯಲ್ಲಿ! ಹೈಸ್ಕೂಲು ದೂರವೆಂಬ ಕಾರಣಕ್ಕೆ ನನ್ನ ಓದು ಏಳನೆಯ ತರಗತಿಗೆ ನಿಂತಿತ್ತು. ಸೇತುವೆಯ ಬಳಿ ನಿಂತು ಆ ಊರನ್ನು ನೋಡಿದೆ. ಆ 13 ಶಾಲೆಗಳ ಒಂದು ಕಲ್ಲೂ ನಮಗೆ ಕಾಣಸಿಗಲಿಲ್ಲ. ಗೋಳಗುಮ್ಮಟ ನಿಂತಿದೆ, ಶಾಲೆಗಳು ಉಳಿದಿಲ್ಲ. ಆದರೂ ಯಾವುದು ದೊಡ್ಡದು? ಮನುಷ್ಯ ಸತ್ತ ಮೇಲೂ ಅವನಿಗೆ ಪುಣ್ಯ ತಲುಪಿಸುವ ಮೂರು ವಿಷಯಗಳನ್ನು ಪ್ರವಾದಿ(ಸ) ಹೇಳಿದ್ದಾರೆ: ನಿರಂತರ ಹರಿಯುವ ದಾನ, ಪ್ರಯೋಜನಕರ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ. ಅದರಲ್ಲಿ ಕಟ್ಟಡದ ಎತ್ತರದ ಮಾತೇ ಇಲ್ಲ.

ಕೊನೆಯ ದಿನ ಭಟ್ಕಳ ದಾಟಿ ಸಂಜೆಗೆ ಮರವಂತೆಯಲ್ಲಿ ಇಳಿದೆವು. ನಿಮ್ಮಲ್ಲಿ ಹಲವರು ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿರಬಹುದು. ಒಂದು ಬದಿಯಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಬದಿಯಲ್ಲಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ನಾನು ಎಷ್ಟೋ ಸಲ ಹೋಗಿದ್ದೇನೆ, ಪ್ರತಿಸಲವೂ ಬಸ್ಸಿನಲ್ಲಿ ನಿದ್ರಿಸುತ್ತಲೋ ವಾಂತಿ ಮಾಡುವ ಮಗುವನ್ನು ಹಿಡಿದುಕೊಂಡೋ. ಇಳಿದು ನಿಂತದ್ದು ಅಂದೇ.

ದಡದ ಕಲ್ಲಿನ ಮೇಲೆ ಕುಳಿತೆವು. ಅವರು ಕಡಲಿನ ಕಡೆ ಕೈ ತೋರಿಸಿ, "ಇದರ ಆಚೆ ಬದಿಯಲ್ಲಿ ನಾನಿದ್ದೆ. ಸಲಾಲದಲ್ಲಿಯೂ ಹೀಗೆಯೇ ತೆಂಗಿನ ಮರಗಳು. ಜೂನ್ ಜುಲೈಯಲ್ಲಿ ಅಲ್ಲಿಯೂ ಮಂಜು, ತುಂತುರು ಮಳೆ. ಊರಲ್ಲಿ ಈಗ ಮಳೆಗಾಲ, ಮಾಡು ಸೋರುತ್ತಿರಬಹುದು ಎಂದು ಯೋಚಿಸುತ್ತಿದ್ದೆ" ಎಂದರು. ಕಲ್ಲಿಕೋಟೆಯಿಂದ ಆ ಝಫಾರ್ ಸೀಮೆಗೆ ಇಬ್ನ್ ಬತೂತಾ 28 ದಿನಗಳಲ್ಲಿ ಹಡಗಿನಲ್ಲಿ ತಲುಪಿದ್ದರಂತೆ. ವಿಮಾನಕ್ಕೆ ಕೆಲವೇ ಗಂಟೆಗಳ ದಾರಿ. ನನ್ನ ಪತಿಗೆ ಪ್ರತಿ ಸಲವೂ ಎರಡು ವರ್ಷ ಬೇಕಾಗುತ್ತಿತ್ತು.

ಸೂರ್ಯ ಮುಳುಗುವ ಹೊತ್ತಿಗೆ ಅವರು ನನ್ನ ಕಡೆ ನೋಡದೆ ಹೇಳಿದರು: "ಅಂದು ಗುಮ್ಮಟದಲ್ಲಿ ನೀನು ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಾಗಲಿಲ್ಲ. ಹೋದ ವರ್ಷಗಳಿಗೆ ಈಗಲೂ ಉತ್ತರವಿಲ್ಲ. ಇನ್ನು ಮೇಲೆ ನನ್ನಲ್ಲಿ ಹೇಳು. ನೋವಿದ್ದರೆ ಹೇಳು, ಸಿಟ್ಟಿದ್ದರೂ ಹೇಳು." ನಾನು, "ಹಾಗಾದರೆ ಮೊದಲು ಅಡುಗೆಮನೆಯ ಡಬ್ಬಿಗಳನ್ನು ಮುಟ್ಟಬೇಡಿ" ಎಂದೆ. ಇಬ್ಬರೂ ನಕ್ಕೆವು. ಮಗ್ರಿಬ್ ಸಮಯವಾಗಿತ್ತು. ಚೀಲದಿಂದ ಮುಸಲ್ಲಾ ತೆಗೆದು ಅವರು ಮುಂದೆ, ನಾನು ಹಿಂದೆ ನಿಂತು ಜಮಾಅತ್ ಆಗಿ ನಮಾಝ್ ನಿರ್ವಹಿಸಿದೆವು. ಅಲೆಯ ಸದ್ದಿನ ನಡುವೆ ಅವರ ಕಿರಾಅತ್ ನನಗೆ ಕೇಳುತ್ತಿತ್ತು.

ಮನೆಗೆ ಬಂದ ಮೇಲೆ ಎಲ್ಲವೂ ಸರಿಯಾಯಿತು ಎಂದು ಹೇಳಿದರೆ ಸುಳ್ಳಾದೀತು. ಈಗಲೂ ಮೀನಿನ ಬೆಲೆಗೆ ಚರ್ಚೆಯಾಗುತ್ತದೆ. ಆದರೆ ಗಂಟು ನೋವಿಗೆ ಡಾಕ್ಟರರ ಬಳಿ ಅವರೇ ಕರೆದೊಯ್ದರು. ಮೇಲಿನ ಒಂದು ಕೋಣೆಯ ಬೀಗ ತೆಗೆದೆವು. ಸಂಜೆ ನೆರೆಯ ಐದಾರು ಹೆಣ್ಣುಮಕ್ಕಳು ಅಲ್ಲಿ ಕುಳಿತು ಓದುತ್ತಾರೆ, ನನ್ನ ಮಗಳು ಬಂದಾಗ ಪಾಠ ಹೇಳಿಕೊಡುತ್ತಾಳೆ. ಬಿದ್ರಿ ಡಬ್ಬಿ ಪತ್ರಗಳ ಜೊತೆಗಿದೆ.

ನೀವೂ ಹೋಗಿ ಬನ್ನಿ. ಬಯಲು ಸೀಮೆಗೆ ಹೋಗುವವರು ಡಿಸೆಂಬರ್, ಜನವರಿಯಲ್ಲಿ ಹೋದರೆ ಬಿಸಿಲಿನ ಬಾಧೆಯಿಲ್ಲ. ತೆಳುವಾದ ಮುಸಲ್ಲಾ, ಒಂದು ಬಾಟಲಿ ವುಝೂ ನೀರು ಇಟ್ಟುಕೊಳ್ಳಿ. ಗೋಳಗುಮ್ಮಟಕ್ಕೆ ಬೆಳಿಗ್ಗೆ ಬೇಗ, ಶಾಲಾ ಮಕ್ಕಳು ಬರುವ ಮುಂಚೆ ಹತ್ತಿ. ಸಾಲ ಮಾಡಿ ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದರೆ ಹತ್ತಿರದ ಕಡಲ ದಂಡೆಯೇ ಸಾಕು, ಇಬ್ಬರೂ ಬಸ್ಸಿನಿಂದ ಇಳಿದು ಸ್ವಲ್ಪ ಹೊತ್ತು ಕುಳಿತರಾಯಿತು. ಮಕ್ಕಳ ಮದುವೆಯಾಗಲಿ, ಮನೆಗೆ ಬಣ್ಣವಾಗಲಿ, ಆ ಮೇಲೆ ನೋಡೋಣ ಎಂದು ಮುಂದೂಡಬೇಡಿ. ನಾವು 24 ವರ್ಷ ಮುಂದೂಡಿದೆವು. ಆ ವರ್ಷಗಳು ನಮಗೆ ಮರಳಿ ಸಿಗುವುದಿಲ್ಲ. ಉಳಿದಿರುವ ದಿನಗಳನ್ನಾದರೂ ಜೊತೆಯಾಗಿ ನಡೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಿಮಗೂ ಕರುಣಿಸಲಿ. ಆಮೀನ್.